ಮುಂದಿನ ಹಲ್ಲಿಗೆ ಯಾವುದು ಸರಿ: ಕಂಪೋಸಿಟ್, ವೆನೀರ್, ಕ್ಯಾಪ್ ಅಥವಾ ಕ್ಲಿಪ್?

ಮುಂದಿನ ಹಲ್ಲಿನ ಮೂಲೆ ಮುರಿದವರು, ಎರಡು ಹಲ್ಲುಗಳ ನಡುವೆ ಸಂದು ಇರುವವರು, ಹಲ್ಲಿನ ಬಣ್ಣ ಕಂದಿದೆ ಎಂದು ಸಂಕೋಚಪಡುವವರು, ಒಂದು ಹಲ್ಲು ಸೊಟ್ಟಗೆ ತಿರುಗಿದೆ ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಗುವವರು ದಂತವೈದ್ಯರ ಬಳಿ ಹೋದಾಗ ಸಾಮಾನ್ಯವಾಗಿ ನಾಲ್ಕು ದಾರಿಗಳ ಹೆಸರು ಕೇಳುತ್ತಾರೆ. ಹಲ್ಲಿನ ಬಣ್ಣದ ರಾಳವಾದ ಕಂಪೋಸಿಟ್ ಅಂಟಿಸಿ ಆಕಾರ ಕೊಡುವುದು ಒಂದು. ಹಲ್ಲಿನ ಮುಂಭಾಗಕ್ಕೆ ಪಿಂಗಾಣಿಯ ತೆಳು ಪದರವಾದ ವೆನೀರ್ ಕೂರಿಸುವುದು ಇನ್ನೊಂದು. ಹಲ್ಲನ್ನು ಸುತ್ತಲೂ ತೇದು ಕ್ಯಾಪ್ ಹಾಕುವುದು ಮೂರನೆಯದು. ಕ್ಲಿಪ್ ಅಥವಾ ಅಲೈನರ್ ಎಂಬ ಪಾರದರ್ಶಕ ಅಚ್ಚು ಹಾಕಿ ಹಲ್ಲನ್ನೇ ಸರಿಸುವುದು ನಾಲ್ಕನೆಯದು. ಬೆಲೆ, ಸಮಯ, ಬಾಳಿಕೆ ಎಂಬ ಮೂರು ಅಳತೆಗಳಿಂದ ಇವನ್ನು ತೂಗಿ ನೋಡುವುದು ರೂಢಿಯಲ್ಲಿದೆ. ಈ ಮೂರಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆಯದೇ ಇದೆ: ಈ ದಾರಿ ಹಿಡಿದರೆ ನನ್ನ ಸ್ವಂತ ಹಲ್ಲಿನಲ್ಲಿ ಎಷ್ಟು ಭಾಗ ಶಾಶ್ವತವಾಗಿ ಹೋಗುತ್ತದೆ?

ಈ ಪ್ರಶ್ನೆಗೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಹಲ್ಲಿನ ಹೊರಪದರವಾದ ಎನಾಮೆಲ್ ತೂಕದಲ್ಲಿ ಸುಮಾರು 96 ಪ್ರತಿಶತ ಖನಿಜವೇ ಆಗಿದ್ದು, ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ಪದಾರ್ಥ ಬೇರೊಂದಿಲ್ಲ. ಆದರೆ ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಒಸಡನ್ನು ಸೀಳಿ ಹೊರಬರುವ ಹೊತ್ತಿಗೆ ಇಲ್ಲವಾಗಿರುತ್ತವೆ. ಮುರಿದ ಮೂಳೆ ಕೂಡುತ್ತದೆ, ಸುಟ್ಟ ಚರ್ಮ ಮತ್ತೆ ಬರುತ್ತದೆ, ತೇದ ಎನಾಮೆಲ್ ಮಾತ್ರ ಎಂದಿಗೂ ಮರಳುವುದಿಲ್ಲ. ಆದ್ದರಿಂದ ಈ ನಾಲ್ಕು ದಾರಿಗಳನ್ನು ಅಂಗಡಿಯ ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟ ಸಾಮಾನುಗಳಂತೆ ನೋಡಬಾರದು. ಕೆಲವು ದಾರಿಗಳಲ್ಲಿ ಹಿಂದಿರುಗಬಹುದು, ಕೆಲವುಗಳಲ್ಲಿ ಆಗದು.

ಮೊದಲು ಹಲ್ಲನ್ನು ನೋಡೋಣ

ನಕ್ಕಾಗ ಕಾಣುವ ಮೇಲಿನ ಸಾಲಿನಲ್ಲಿ ಆರು ಹಲ್ಲುಗಳು ಮುಖ್ಯ: ನಡುವೆ ಎರಡು ದೊಡ್ಡ ಬಾಚಿಹಲ್ಲು, ಅವುಗಳ ಪಕ್ಕಕ್ಕೆ ಒಂದೊಂದು ಸಣ್ಣ ಬಾಚಿಹಲ್ಲು, ಆಮೇಲೆ ಎರಡು ಕೋರೆಹಲ್ಲು. ದಂತವೈದ್ಯರ ಚೀಟಿಯಲ್ಲಿ 11 ಮತ್ತು 21 ಎಂದು ಬರೆದಿದ್ದರೆ ಅದು ಬಲ ಮತ್ತು ಎಡ ನಡುಬಾಚಿ. 12 ಮತ್ತು 22 ಪಕ್ಕದ ಬಾಚಿ. 13 ಮತ್ತು 23 ಕೋರೆಹಲ್ಲು. ಕೆಳಗಿನ ಸಾಲಿಗೆ ಎಡಕ್ಕೆ 31ರಿಂದ 33, ಬಲಕ್ಕೆ 41ರಿಂದ 43. ಯಾವ ಹಲ್ಲಿಗೆ ಏನು ಮಾಡುತ್ತಾರೆ ಎಂದು ತಿಳಿಯಲು ಈ ಅಂಕಿಗಳನ್ನು ಗುರುತಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲಿ ಬಲ ಎಂದರೆ ನಿಮ್ಮ ಬಲ, ಎದುರು ನಿಂತವರ ಬಲವಲ್ಲ.

ಮೇಲಿನ ನಡುಬಾಚಿಯ ಅಗಲ ಸರಾಸರಿ ಎಂಟೂವರೆ ಮಿಲಿಮೀಟರ್, ಒಸಡಿನ ಹೊರಗೆ ಕಾಣುವ ಎತ್ತರ ಹತ್ತೂವರೆ ಮಿಲಿಮೀಟರ್, ಮೂಳೆಯೊಳಗೆ ಹೂತಿರುವ ಬೇರು ಸುಮಾರು ಹದಿಮೂರು ಮಿಲಿಮೀಟರ್. ಪಕ್ಕದ ಬಾಚಿ ಆರೂವರೆ ಮಿಲಿಮೀಟರ್ ಅಗಲ, ಒಂಬತ್ತು ಮಿಲಿಮೀಟರ್ ಎತ್ತರ. ಕೋರೆಹಲ್ಲಿನ ಅಗಲ ಏಳೂವರೆ, ಎತ್ತರ ಹತ್ತು, ಬೇರು ಮಾತ್ರ ಸುಮಾರು ಹದಿನೇಳು ಮಿಲಿಮೀಟರ್. ಬಾಯಿಯಲ್ಲಿ ಅತಿ ಉದ್ದದ ಬೇರು ಅದರದೇ. ಮೂಗಿನ ಪಕ್ಕ ಮೇಲ್ತುಟಿಯ ಹಿಂದೆ ಬೆರಳಿಟ್ಟು ನೋಡಿದರೆ ಆ ಬೇರಿನ ಉಬ್ಬು ಕೈಗೆ ತಾಗುತ್ತದೆ. ಇವು ಸರಾಸರಿಗಳು ಮಾತ್ರ. ಒಬ್ಬರಿಂದ ಒಬ್ಬರಿಗೆ ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಇರುವುದು ಸಹಜ.

ನಡುಬಾಚಿಯನ್ನು ಕನ್ನಡಿಯಲ್ಲಿ ನಿಧಾನವಾಗಿ ನೋಡಿದರೆ ಅದು ಬಿಳಿಯ ಹಲಗೆಯಲ್ಲ ಎಂಬುದು ತಿಳಿಯುತ್ತದೆ. ಒಳಬದಿಯ ಮೂಲೆ, ಅಂದರೆ ಇನ್ನೊಂದು ನಡುಬಾಚಿಗೆ ತಾಗುವ ಮೂಲೆ, ಹೆಚ್ಚುಕಡಿಮೆ ಲಂಬಕೋನದಲ್ಲಿ ಚೂಪಾಗಿರುತ್ತದೆ. ಹೊರಬದಿಯ ಮೂಲೆ ದುಂಡಗಿರುತ್ತದೆ. ಪಕ್ಕದ ಬಾಚಿಯಲ್ಲಿ ಎರಡೂ ಮೂಲೆಗಳು ಇನ್ನಷ್ಟು ದುಂಡಗೆ. ಮುಂಭಾಗವನ್ನು ಬದಿಯಿಂದ ನೋಡಿದರೆ ಅದು ಒಂದೇ ಸಮತಲದಲ್ಲಿರದೆ, ಒಸಡಿನ ಬಳಿ ಒಂದು, ನಡುವೆ ಒಂದು, ಅಂಚಿನ ಬಳಿ ಒಂದು ಎಂದು ಮೂರು ಕಡೆಗೆ ಮೆಲ್ಲಗೆ ಬಾಗಿರುತ್ತದೆ. ಒಳಮುಖ, ಅಂದರೆ ನಾಲಿಗೆ ತಾಗುವ ಕಡೆ, ಪುಟ್ಟ ಮೊರದಂತೆ ತಗ್ಗಾಗಿದ್ದು, ಎರಡು ಅಂಚುಗಳಲ್ಲಿ ಏಣುಗಳೂ ಒಸಡಿನ ಬಳಿ ಒಂದು ಉಬ್ಬೂ ಇರುತ್ತವೆ. ಈ ಏಣುಗಳೇ ಹಲ್ಲಿಗೆ ತೊಲೆಗಳಿದ್ದಂತೆ. ಅವು ಉಳಿದಿದ್ದರೆ ಹಲ್ಲು ಗಟ್ಟಿ. ಏಳೆಂಟು ವರ್ಷದ ಮಗುವಿನ ಹೊಸ ಬಾಚಿಹಲ್ಲಿನ ಅಂಚಿನಲ್ಲಿ ಗರಗಸದಂತೆ ಮೂರು ಪುಟ್ಟ ಗುಬುಟುಗಳಿರುತ್ತವೆ. ಅವನ್ನು ಕಂಡು ಗಾಬರಿಯಾಗಬೇಕಿಲ್ಲ. ಹಲ್ಲು ಮೂರು ಹಾಲೆಗಳಾಗಿ ರೂಪುಗೊಂಡದ್ದರ ಗುರುತು ಅದು, ಅಗಿಯುತ್ತ ಅಗಿಯುತ್ತ ಸವೆದು ನೇರವಾಗುತ್ತದೆ.

ಇನ್ನು ಎನಾಮೆಲ್‌ನ ದಪ್ಪ. ಹಲ್ಲಿನ ಅಂಚಿನ ಬಳಿ ಅದು ಒಂದು ಮಿಲಿಮೀಟರ್ ಅಥವಾ ತುಸು ಹೆಚ್ಚು ಇರುತ್ತದೆ. ನಡುಭಾಗದಲ್ಲಿ ಮುಕ್ಕಾಲರಿಂದ ಒಂದು ಮಿಲಿಮೀಟರ್. ಒಸಡಿನ ಹತ್ತಿರ ಅರ್ಧ ಮಿಲಿಮೀಟರ್‌ಗೂ ಕಡಿಮೆಯಾಗುತ್ತ ಬಂದು ಬೇರಿನ ಬಳಿ ಮುಗಿಯುತ್ತದೆ. ಅದರ ಕೆಳಗಿರುವುದು ಹಳದಿ ಛಾಯೆಯ ಡೆಂಟಿನ್. ಎನಾಮೆಲ್ ಅರೆಪಾರದರ್ಶಕವಾದುದರಿಂದ ಅದು ತೆಳುವಾಗಿರುವಲ್ಲಿ ಡೆಂಟಿನ್‌ನ ಬಣ್ಣ ಹೊರಗೆ ಕಾಣುತ್ತದೆ. ಒಸಡಿನ ಬಳಿ ಹಲ್ಲು ಹಳದಿಯಾಗಿ, ಅಂಚಿನಲ್ಲಿ ತುಸು ನೀಲಿ ಬೂದಿಯಾಗಿ ಕಾಣುವುದಕ್ಕೂ, ಡೆಂಟಿನ್ ದಪ್ಪವಿರುವ ಕೋರೆಹಲ್ಲು ಬಾಚಿಗಳಿಗಿಂತ ಒಂದು ಛಾಯೆ ಹೆಚ್ಚು ಹಳದಿಯಾಗಿರುವುದಕ್ಕೂ ಇದೇ ಕಾರಣ. ಅದು ಕೊಳೆಯಲ್ಲ, ರಚನೆ. ಆರೂ ಹಲ್ಲುಗಳಿಗೆ ಒಂದೇ ಬಿಳಿ ಬಣ್ಣ ಬಳಿದಾಗ ನಗು ಸುಳ್ಳಾಗಿ ಕಾಣುವುದು ಈ ಏರಿಳಿತ ಅಳಿಸಿಹೋಗುವುದರಿಂದ.

ಅರ್ಧ ಮಿಲಿಮೀಟರ್ ಎಂದರೆ ಬರವಣಿಗೆಯ ಕಾಗದದ ಐದಾರು ಹಾಳೆಗಳ ದಪ್ಪ. ವೆನೀರ್‌ಗಾಗಿ ಅರ್ಧ ಮಿಲಿಮೀಟರ್ ಮಾತ್ರ ತೇಯುತ್ತೇವೆ ಎಂಬ ಮಾತು ಕೇಳಿದಾಗ ಈ ಅಳತೆ ನೆನಪಿರಲಿ: ಅಂಚಿನ ಬಳಿ ಅಷ್ಟು ತೇದರೆ ಇನ್ನೂ ಎನಾಮೆಲ್ ಉಳಿದಿರುತ್ತದೆ, ಒಸಡಿನ ಬಳಿ ಅಷ್ಟೇ ತೇದರೆ ಡೆಂಟಿನ್ ತೆರೆದುಕೊಳ್ಳಬಹುದು. ಇದರಿಂದ ಅಂಟಿನ ಬಲವೇ ಬದಲಾಗುತ್ತದೆ. 1955ರಲ್ಲಿ ಅಮೆರಿಕದ ದಂತವೈದ್ಯ ಮೈಕೇಲ್ ಬುವನೊಕೋರ್ ಅವರು ಫಾಸ್ಫರಿಕ್ ಆಮ್ಲದಿಂದ ಎನಾಮೆಲ್ಲನ್ನು ಸ್ವಲ್ಪ ಕೊರೆದರೆ ಅದರಲ್ಲಿ ಸೂಕ್ಷ್ಮ ರಂಧ್ರಗಳಾಗಿ ರಾಳ ಅವುಗಳಲ್ಲಿ ಇಳಿದು ಭದ್ರವಾಗಿ ಹಿಡಿಯುತ್ತದೆ ಎಂದು ತೋರಿಸಿಕೊಟ್ಟರು. ಇಂದಿನ ಕಂಪೋಸಿಟ್, ವೆನೀರ್ ಎಲ್ಲವೂ ನಿಂತಿರುವುದು ಆ ಕಂಡುಹಿಡಿತದ ಮೇಲೆ. ಡೆಂಟಿನ್‌ಗೂ ಅಂಟಿಸಬಹುದು, ಆದರೆ ಅದು ತೇವವುಳ್ಳ, ನಾಳಗಳಿಂದ ತುಂಬಿದ ಪದಾರ್ಥವಾದುದರಿಂದ ಅಲ್ಲಿನ ಹಿಡಿತ ವರ್ಷಗಳು ಕಳೆದಂತೆ ಸಡಿಲಾಗುವ ಸಂಭವ ಹೆಚ್ಚು.

ಮುಖದ ಆಕಾರಕ್ಕೆ ತಕ್ಕ ಹಲ್ಲು ಎಂಬ ಮಾತು

ಚೌಕ ಮುಖಕ್ಕೆ ಚೌಕ ಹಲ್ಲು, ದುಂಡು ಮುಖಕ್ಕೆ ದುಂಡು ಹಲ್ಲು, ಕಿರಿದಾದ ಗಲ್ಲಕ್ಕೆ ಕಿರಿದಾಗುತ್ತ ಹೋಗುವ ಹಲ್ಲು ಎಂಬ ವಿಂಗಡಣೆ ಇಂದಿಗೂ ಕೇಳಿಬರುತ್ತದೆ. ಇದನ್ನು 1914ರಲ್ಲಿ ದಂತವೈದ್ಯ ಲಿಯಾನ್ ವಿಲಿಯಮ್ಸ್ ಅವರು ಕಟ್ಟುಹಲ್ಲು ಆರಿಸುವುದಕ್ಕಾಗಿ ಮುಂದಿಟ್ಟಿದ್ದರು: ಬಾಚಿಹಲ್ಲನ್ನು ತಲೆಕೆಳಗು ಮಾಡಿದರೆ ಅದು ಮುಖದ ಹೊರರೇಖೆಯನ್ನೇ ಹೋಲುತ್ತದೆ ಎಂಬುದು ಅವರ ವಾದ. ಆಮೇಲೆ ಅಳೆದು ನೋಡಿದವರಿಗೆ ಅಂಥ ನಿಯತ ಸಂಬಂಧ ಸಿಗಲಿಲ್ಲ. ಚೌಕ, ದುಂಡು, ಕಿರಿದು ಎಂಬ ಮೂರು ಹೆಸರುಗಳು ಹಲ್ಲನ್ನು ವರ್ಣಿಸಲು ಉಪಯುಕ್ತ; ನಿಮ್ಮ ಮುಖ ನೋಡಿ ಹಲ್ಲಿನ ಆಕಾರ ನಿರ್ಧರಿಸಲು ಅವು ಸಾಲವು. ಸ್ವರ್ಣಾನುಪಾತದ ಕಥೆಯೂ ಹೀಗೆಯೇ. ಎದುರಿನಿಂದ ಕಾಣುವಂತೆ ಪಕ್ಕದ ಬಾಚಿಯ ಅಗಲ ನಡುಬಾಚಿಯ 62 ಪ್ರತಿಶತ ಇರಬೇಕು ಎಂಬ ಸೂತ್ರ ಕೇಳಲು ಚೆನ್ನ, ಆದರೆ ಸುಂದರವಾದ ಸಹಜ ಹಲ್ಲುಸಾಲುಗಳಲ್ಲಿ ಹೆಚ್ಚಿನವು ಅದಕ್ಕೆ ಹೊಂದುವುದಿಲ್ಲ. ಹೊಸ ಆಕಾರಕ್ಕೆ ಎಲ್ಲಕ್ಕಿಂತ ಒಳ್ಳೆಯ ಮಾದರಿ ನಿಮ್ಮದೇ ಬಾಯಿಯಲ್ಲಿದೆ: ಮುರಿಯದ ಇನ್ನೊಂದು ನಡುಬಾಚಿ, ಅದೂ ಇಲ್ಲವಾದರೆ ಹಳೆಯ ಫೋಟೊದಲ್ಲಿನ ನಿಮ್ಮ ನಗು.

ಒಂದು ಅನುಪಾತ ಮಾತ್ರ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ನಡುಬಾಚಿಯ ಅಗಲವು ಎತ್ತರದ ಸುಮಾರು 75ರಿಂದ 85 ಪ್ರತಿಶತ ಇದ್ದರೆ ಕಣ್ಣಿಗೆ ಒಪ್ಪುತ್ತದೆ. 90 ದಾಟಿದರೆ ಹಲ್ಲು ಗಿಡ್ಡಗೆ, ಚೌಕವಾಗಿ ಕಾಣುತ್ತದೆ. ಸಂದಿನ ವಿಷಯಕ್ಕೆ ಬಂದಾಗ ಈ ಲೆಕ್ಕ ಬೇಕಾಗುತ್ತದೆ.

ಮೂಲೆ ಮುರಿದಾಗ

ಬಿದ್ದಾಗ, ಕ್ರಿಕೆಟ್ ಚೆಂಡು ತಾಗಿದಾಗ, ಸ್ಕೂಟರ್‌ನಿಂದ ಉರುಳಿದಾಗ ಹೆಚ್ಚು ಪೆಟ್ಟು ತಿನ್ನುವುದು ಮೇಲಿನ ನಡುಬಾಚಿಗಳೇ. ಉಬ್ಬುಹಲ್ಲು ಇರುವ ಮಕ್ಕಳಿಗೆ ಈ ಅಪಾಯ ಇನ್ನೂ ಹೆಚ್ಚು. ಮುರಿದ ಚೂರು ಸಿಕ್ಕರೆ ಅದನ್ನು ಹಾಲಿನಲ್ಲೋ ನೀರಿನಲ್ಲೋ ಹಾಕಿ ವೈದ್ಯರ ಬಳಿ ತೆಗೆದುಕೊಂಡು ಹೋಗಿ. ಎಷ್ಟೋ ಸಲ ಅದೇ ಚೂರನ್ನು ಕಂಪೋಸಿಟ್‌ನಿಂದ ಮತ್ತೆ ಅಂಟಿಸಬಹುದು. ಬಣ್ಣ, ಹೊಳಪು, ಆಕಾರ ಮೂರರಲ್ಲೂ ಅದಕ್ಕೆ ಸಮನಾದದ್ದು ಬೇರೆ ಇಲ್ಲ. ಇಡೀ ಹಲ್ಲೇ ಬೇರುಸಹಿತ ಕಳಚಿ ಬಿದ್ದಿದ್ದರೆ ಬೇರನ್ನು ಮುಟ್ಟದೆ ಹಲ್ಲಿನ ಬಿಳಿಯ ಭಾಗವನ್ನು ಹಿಡಿದು, ಉಜ್ಜದೆ, ಹಾಲಿನಲ್ಲಿಟ್ಟು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ವೈದ್ಯರನ್ನು ತಲುಪಬೇಕು. ಹಾಲುಹಲ್ಲಾಗಿದ್ದರೆ ಅದನ್ನು ಮತ್ತೆ ಕೂರಿಸುವುದಿಲ್ಲ.

ಚೂರು ಸಿಗದಿದ್ದರೆ ಆಯ್ಕೆ ಕಂಪೋಸಿಟ್ ಮತ್ತು ಪಿಂಗಾಣಿಯ ನಡುವೆ. ಹದಿಹರೆಯ ಮುಗಿಯುವವರೆಗೆ ನನ್ನ ಮಟ್ಟಿಗೆ ಇದು ಆಯ್ಕೆಯೇ ಅಲ್ಲ, ಕಂಪೋಸಿಟ್ ಒಂದೇ ಸರಿ. ಕಾರಣ ಹಲ್ಲಿನ ಒಳಗಿದೆ. ಎಳೆಯ ಹಲ್ಲಿನಲ್ಲಿ ರಕ್ತನಾಳ, ನರಗಳಿರುವ ಮಜ್ಜೆಯ ಕೋಣೆ ದೊಡ್ಡದು, ಅದರ ಕೊಂಬುಗಳು ಅಂಚಿನ ಹತ್ತಿರದವರೆಗೂ ಚಾಚಿರುತ್ತವೆ. ವಯಸ್ಸಾದಂತೆ ಆ ಕೋಣೆ ಕಿರಿದಾಗುತ್ತ ಹಿಂದೆ ಸರಿಯುತ್ತದೆ. ನಡುಬಾಚಿ ಏಳರಿಂದ ಎಂಟನೇ ವರ್ಷದಲ್ಲಿ ಹುಟ್ಟಿದರೂ ಅದರ ಬೇರು ಪೂರ್ತಿಯಾಗುವುದು ಹತ್ತರ ಹೊತ್ತಿಗೆ. ಹದಿನಾಲ್ಕು ವರ್ಷದ ಹುಡುಗಿಯ ಹಲ್ಲಿಗೆ ಕ್ಯಾಪ್ ಹಾಕಲು ತೇಯುವುದೆಂದರೆ ಜೀವಂತ ಮಜ್ಜೆಯ ಸಮೀಪಕ್ಕೆ ಹೋಗುವುದು. ಅದೂ ಅಲ್ಲದೆ ಆ ವಯಸ್ಸಿನಲ್ಲಿ ಒಸಡು ಇನ್ನೂ ತನ್ನ ಕೊನೆಯ ಜಾಗಕ್ಕೆ ಸರಿದಿರುವುದಿಲ್ಲ. ಇಂದು ಒಸಡಿನ ಅಂಚಿಗೆ ಸರಿಯಾಗಿ ಕೂರಿಸಿದ ಕ್ಯಾಪ್‌ನ ಗೆರೆ ಕೆಲವು ವರ್ಷಗಳಲ್ಲಿ ಹೊರಗೆ ಕಾಣಿಸಿಕೊಳ್ಳುತ್ತದೆ.

ದೊಡ್ಡವರಲ್ಲಿಯೂ ಮುರಿದ ಭಾಗ ಹಲ್ಲಿನ ಮೂರನೆಯ ಒಂದಕ್ಕಿಂತ ಕಡಿಮೆ ಇದ್ದರೆ ಕಂಪೋಸಿಟ್‌ನಿಂದ ಆರಂಭಿಸುವುದು ವಿವೇಕ. ಬಹುತೇಕ ಏನನ್ನೂ ತೇಯದೆ, ಒಂದೇ ಭೇಟಿಯಲ್ಲಿ, ಹಲವು ಸಲ ಚುಚ್ಚುಮದ್ದೂ ಇಲ್ಲದೆ ಮುಗಿಯುವ ಕೆಲಸ ಅದು. ಅದರ ದೌರ್ಬಲ್ಯಗಳನ್ನೂ ಹೇಳಬೇಕು: ಕೆಲವು ವರ್ಷಗಳಲ್ಲಿ ಹೊಳಪು ಕುಂದುತ್ತದೆ, ಕಾಫಿ, ಟೀ, ಅರಿಶಿನ, ಎಲೆಅಡಿಕೆಯ ಕಲೆ ಹಿಡಿಯುತ್ತದೆ, ಅಂಚು ಚೂರಾಗಬಹುದು. ಸಾಮಾನ್ಯವಾಗಿ ಐದರಿಂದ ಎಂಟು ವರ್ಷಗಳಲ್ಲಿ ದುರಸ್ತಿಯೋ ಮರುಕೆಲಸವೋ ಬೇಕಾಗುತ್ತದೆ. ಆದರೆ ದುರಸ್ತಿ ಎಂಬುದು ಸಾಧ್ಯವಿರುವುದೇ ಇದರ ದೊಡ್ಡ ಗುಣ. ಚೂರಾದ ಕಂಪೋಸಿಟ್‌ಗೆ ಬಾಯಿಯಲ್ಲೇ ಇನ್ನಷ್ಟು ಸೇರಿಸಬಹುದು, ಬಿರುಕು ಬಿಟ್ಟ ವೆನೀರನ್ನು ಬಹುಮಟ್ಟಿಗೆ ತೆಗೆದು ಹೊಸದನ್ನೇ ಮಾಡಿಸಬೇಕು.

ವೆನೀರ್ ಎಲ್ಲಿ ಗೆಲ್ಲುತ್ತದೆ ಎಂದರೆ, ಮುಂಭಾಗವಿಡೀ ಬದಲಾಗಬೇಕಾದಾಗ, ಮತ್ತು ಸುತ್ತಲೂ ಅಂಟಿಸಲು ಎನಾಮೆಲ್ ಉಳಿದಿರುವಾಗ. 0.3ರಿಂದ 0.7 ಮಿಲಿಮೀಟರ್ ದಪ್ಪದ ಪಿಂಗಾಣಿ ತನ್ನಷ್ಟಕ್ಕೆ ಬೆರಳಲ್ಲಿ ಒತ್ತಿದರೂ ಒಡೆಯುವಷ್ಟು ದುರ್ಬಲ. ಎನಾಮೆಲ್‌ಗೆ ಅಂಟಿದ ಮೇಲೆ ಎರಡೂ ಸೇರಿ ಒಂದಾಗಿ ಬಲಗೊಳ್ಳುತ್ತವೆ. ಚೆನ್ನಾಗಿ ಮಾಡಿದ ವೆನೀರ್‌ಗಳಲ್ಲಿ ಹೆಚ್ಚಿನವು ಹತ್ತು ವರ್ಷ ದಾಟುತ್ತವೆ, ಬಣ್ಣ ಬದಲಾಗುವುದಿಲ್ಲ. ಆದರೆ ಒಮ್ಮೆ ತೇದ ಹಲ್ಲಿಗೆ ಜೀವನಪೂರ್ತಿ ಯಾವುದೋ ಒಂದು ಹೊದಿಕೆ ಬೇಕೇ ಬೇಕು. ಇಪ್ಪತ್ತೈದರ ವಯಸ್ಸಿನಲ್ಲಿ ಹಾಕಿಸಿದವರು ಎಪ್ಪತ್ತೈದರವರೆಗೆ ಅದನ್ನು ಎಷ್ಟು ಸಲ ಬದಲಾಯಿಸಬೇಕಾದೀತು, ಪ್ರತಿ ಸಲವೂ ಇನ್ನೊಂದಿಷ್ಟು ಹಲ್ಲು ಹೋಗುತ್ತದೆಯಲ್ಲವೇ ಎಂದು ಲೆಕ್ಕಹಾಕಿ ನೋಡಬೇಕು. ಮದುವೆಗೆ ಎರಡು ವಾರ ಉಳಿದಿರುವಾಗ ಆರು, ಎಂಟು ಆರೋಗ್ಯವಂತ ಹಲ್ಲುಗಳನ್ನು ತೇಯಿಸಿಕೊಳ್ಳುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆ ಅವಸರಕ್ಕೆ ಕಂಪೋಸಿಟ್ ಮತ್ತು ಬಿಳುಪುಗೊಳಿಸುವಿಕೆ ಬೇಕಾದಷ್ಟು.

ಕ್ಯಾಪ್ ಬೇಕಾಗುವುದು ಯಾವಾಗ

ಎಡೆಲ್‌ಹಾಫ್ ಮತ್ತು ಸೊರೆನ್ಸೆನ್ ಎಂಬ ಸಂಶೋಧಕರು ಮುಂದಿನ ಹಲ್ಲುಗಳನ್ನು ಬೇರೆ ಬೇರೆ ರೀತಿಯಲ್ಲಿ ತೇದು, ತೇಯುವ ಮುಂಚೆ ಮತ್ತು ನಂತರದ ತೂಕವನ್ನು ಹೋಲಿಸಿ 2002ರಲ್ಲಿ ಪ್ರಕಟಿಸಿದ ಲೆಕ್ಕ ಈ ಇಡೀ ಹೋಲಿಕೆಯ ತಿರುಳಾಗಿದೆ. ವೆನೀರ್‌ಗಾಗಿ ತೇದಾಗ ಹಲ್ಲಿನ ಕಾಣುವ ಭಾಗದಲ್ಲಿ ಸುಮಾರು 3ರಿಂದ 30 ಪ್ರತಿಶತ ಹೋಗುತ್ತದೆ. ಪೂರ್ಣ ಕ್ಯಾಪ್‌ಗಾಗಿ ತೇದಾಗ 63ರಿಂದ 72 ಪ್ರತಿಶತ. ಅಂದರೆ ಕ್ಯಾಪ್‌ನ ಒಳಗೆ ಉಳಿಯುವುದು ಹಲ್ಲಿನ ಮೂರನೆಯ ಒಂದು ಭಾಗ ಮಾತ್ರ, ಒಂದು ಮೊಳೆಯಂತೆ. ಕಂಪೋಸಿಟ್‌ಗೆ ಬಹುತೇಕ ಏನೂ ಹೋಗುವುದಿಲ್ಲ, ಕ್ಲಿಪ್‌ಗೆ ಸಾಮಾನ್ಯವಾಗಿ ಏನೇನೂ ಹೋಗುವುದಿಲ್ಲ.

ಹೀಗಿರುವಾಗ ಕ್ಯಾಪ್ ಹಾಕಿಸುವುದು ತಪ್ಪೆಂದಲ್ಲ. ಅರ್ಧಕ್ಕಿಂತ ಹೆಚ್ಚು ಮುರಿದ ಹಲ್ಲು, ಎರಡೂ ಬದಿಗಳಲ್ಲಿ ದೊಡ್ಡ ಹುಳುಕು ತುಂಬಿಸಿ ಏಣುಗಳನ್ನು ಕಳೆದುಕೊಂಡ ಹಲ್ಲು, ಹಳೆಯ ಕ್ಯಾಪ್ ಇದ್ದು ಬದಲಾಯಿಸಬೇಕಾದ ಹಲ್ಲು, ಇವುಗಳಿಗೆ ಅದೇ ಯೋಗ್ಯ. ಆದರೆ ರೂಟ್ ಕೆನಾಲ್ ಆದ ತಕ್ಷಣ ಕ್ಯಾಪ್ ಹಾಕಿಸಲೇಬೇಕು ಎಂಬ ನಂಬಿಕೆ ದವಡೆಹಲ್ಲಿನಿಂದ ಮುಂದಿನ ಹಲ್ಲಿಗೆ ಸುಮ್ಮನೆ ಬಂದದ್ದು. ದವಡೆಹಲ್ಲು ಅಗಿಯುವ ಭಾರಕ್ಕೆ ಸೀಳಿಹೋಗಬಹುದು, ಅದಕ್ಕೆ ಹೊದಿಕೆ ಬೇಕು. ಮುಂದಿನ ಹಲ್ಲಿನಲ್ಲಿ ರೂಟ್ ಕೆನಾಲ್‌ಗಾಗಿ ಹಿಂಬದಿಯಲ್ಲಿ ಒಂದು ಪುಟ್ಟ ತೂತು ಮಾತ್ರ ಮಾಡಿರುತ್ತಾರೆ. ಆ ಎರಡು ಏಣುಗಳೂ ಮುಂಭಾಗದ ಎನಾಮೆಲ್ಲೂ ಗಟ್ಟಿಯಾಗಿದ್ದರೆ ಆ ತೂತನ್ನು ಕಂಪೋಸಿಟ್‌ನಿಂದ ಮುಚ್ಚಿದರೆ ಸಾಕು. ಇಂಥ ಹಲ್ಲು ಕಪ್ಪಾಗಿದ್ದರೆ ಒಳಗಿನಿಂದಲೇ ಬಿಳುಪು ಮದ್ದು ಇಟ್ಟು ಬಣ್ಣ ತರಬಹುದು. ಏಕೆ ಕ್ಯಾಪ್, ಏಣುಗಳು ಉಳಿದಿಲ್ಲವೇ ಎಂದು ವೈದ್ಯರನ್ನು ಕೇಳುವುದು ಉದ್ಧಟತನವಲ್ಲ.

ಕ್ಯಾಪ್‌ನ ವಸ್ತುವಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜಿರ್ಕೋನಿಯಾ ಎಂಬ ಪಿಂಗಾಣಿ ಅತಿ ಬಲಿಷ್ಠ, ಹಲ್ಲು ಕಡಿಯುವ ಅಭ್ಯಾಸವಿದ್ದವರಿಗೂ ಒಳಗಿನ ಹಲ್ಲು ಕಪ್ಪಾಗಿದ್ದು ಅದನ್ನು ಮರೆಮಾಡಬೇಕಾದವರಿಗೂ ಒಳ್ಳೆಯದು. ಲಿಥಿಯಂ ಡೈಸಿಲಿಕೇಟ್ ಎಂಬ ಗಾಜುಪಿಂಗಾಣಿ ಬಲದಲ್ಲಿ ಕಡಿಮೆಯಾದರೂ ಬೆಳಕನ್ನು ಹಾಯಗೊಡುತ್ತದೆ, ಆದ್ದರಿಂದ ಮುಂದಿನ ಹಲ್ಲಿಗೆ ಹೆಚ್ಚು ಸಹಜ. ಲೋಹದ ಮೇಲೆ ಪಿಂಗಾಣಿ ಹಾಕಿದ ಹಳೆಯ ಬಗೆಯಲ್ಲಿ ಒಸಡು ಸರಿದಂತೆ ಕಪ್ಪು ಗೆರೆ ಕಾಣುತ್ತದೆ.

ಸಂದು ಇದ್ದಾಗ

ಏಳರಿಂದ ಹನ್ನೊಂದು ವರ್ಷದ ಮಗುವಿನ ನಡುಬಾಚಿಗಳ ನಡುವೆ ಸಂದು ಕಂಡರೆ ಬಹಳ ಸಲ ಮಾಡಬೇಕಾದ್ದು ಕಾಯುವುದು. ಮೇಲಿನ ಕೋರೆಹಲ್ಲು ಹನ್ನೊಂದರಿಂದ ಹನ್ನೆರಡನೇ ವಯಸ್ಸಿನಲ್ಲಿ ಇಳಿಯುತ್ತದೆ. ಅದಕ್ಕೆ ಮುಂಚೆ ಮೂಳೆಯೊಳಗಿಂದ ಪಕ್ಕದ ಬಾಚಿಯ ಬೇರನ್ನು ಒತ್ತುತ್ತಿರುವುದರಿಂದ ಹಲ್ಲುಗಳು ಬೀಸಣಿಗೆಯಂತೆ ಅಗಲಿರುತ್ತವೆ, ಇಳಿದು ಬಂದಾಗ ತಾನೇ ಸಂದನ್ನು ಮುಚ್ಚುತ್ತದೆ. ಈ ಹಂತದಲ್ಲಿ ರಬ್ಬರ್‌ಬ್ಯಾಂಡನ್ನು ಹಲ್ಲುಗಳಿಗೆ ಸುತ್ತಿ ಮನೆಯಲ್ಲೇ ಸಂದು ಮುಚ್ಚಲು ಯಾರೂ ಹೋಗಬಾರದು. ಬಾಚಿಹಲ್ಲಿನ ಬೇರು ತುದಿಗೆ ಚೂಪಾಗುತ್ತ ಹೋಗುವುದರಿಂದ ಬ್ಯಾಂಡು ಒಸಡಿನೊಳಗೆ ಜಾರಿ, ಮೂಳೆಯನ್ನು ತಿನ್ನುತ್ತ, ಹಲ್ಲೇ ಕಳಚುವ ಮಟ್ಟಕ್ಕೆ ಹೋಗಬಹುದು.

ದೊಡ್ಡವರಲ್ಲಿ ಹಿಂದಿನ ಲೆಕ್ಕವನ್ನು ಇಲ್ಲಿ ಹಾಕಿ ನೋಡಿ. ಹಲ್ಲು ಎಂಟೂವರೆ ಅಗಲ, ಹತ್ತೂವರೆ ಎತ್ತರ: ಅನುಪಾತ 81. ಸಂದು ಒಂದು ಮಿಲಿಮೀಟರ್ ಇದ್ದರೆ ಪ್ರತಿ ಹಲ್ಲಿಗೂ ಅರ್ಧ ಮಿಲಿಮೀಟರ್ ಕಂಪೋಸಿಟ್ ಸೇರಿಸಿದಾಗ ಅನುಪಾತ ಸುಮಾರು 86 ಆಗುತ್ತದೆ. ಪರವಾಗಿಲ್ಲ, ಕಣ್ಣು ಒಪ್ಪುತ್ತದೆ. ಸಂದು ಎರಡು ಮಿಲಿಮೀಟರ್ ಇದ್ದರೆ ಅಗಲ ಒಂಬತ್ತೂವರೆ, ಅನುಪಾತ 90. ಈಗ ಎರಡು ಚೌಕ ಹಲ್ಲುಗಳು ಬಾಯಿ ತುಂಬಿದಂತೆ ಕಾಣುತ್ತವೆ, ಅವನ್ನು ವೆನೀರ್‌ನಿಂದ ಮಾಡಿದರೂ ಅಷ್ಟೇ, ಏಕೆಂದರೆ ತಪ್ಪು ವಸ್ತುವಿನದಲ್ಲ, ಅಳತೆಯದು. ಇಂಥ ಕಡೆ ಕ್ಲಿಪ್ ಸರಿಯಾದ ದಾರಿ, ಅಥವಾ ಮೊದಲು ಕ್ಲಿಪ್‌ನಿಂದ ಸಂದನ್ನು ಹಂಚಿ ಆಮೇಲೆ ಉಳಿದಷ್ಟಕ್ಕೆ ಕಂಪೋಸಿಟ್. ಕ್ಲಿಪ್‌ನ ಕಷ್ಟ ತಿಂಗಳುಗಳ ಕಾಯುವಿಕೆ ಮತ್ತು ಮುಗಿದ ಮೇಲೂ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಹಾಕಿಕೊಳ್ಳಬೇಕಾದ ಶಿಸ್ತು. ಅದನ್ನು ಬಿಟ್ಟರೆ ತಿರುಗಿದ್ದ ಹಲ್ಲು, ನಡುಸಂದು ಎರಡೂ ಮರಳಿ ಬರಲು ಹವಣಿಸುತ್ತವೆ, ಒಸಡಿನ ನಾರುಗಳು ಅವನ್ನು ಹಳೆಯ ಜಾಗಕ್ಕೆ ಎಳೆಯುತ್ತಿರುತ್ತವೆ. ಅಷ್ಟಾದರೂ ಬಿಡದೆ ಕ್ಲಿಪ್ ಸಲಹೆ ಮಾಡುವುದು, ಅದು ಮುಗಿದಾಗ ಹಲ್ಲು ಇದ್ದಷ್ಟೇ ಇರುತ್ತದೆ ಎಂಬ ಕಾರಣಕ್ಕೆ. ಒಸಡಿನ ಕಾಯಿಲೆಯಿಂದ ನಡುವಯಸ್ಸಿನಲ್ಲಿ ಹೊಸದಾಗಿ ಸಂದು ಬಿಡುತ್ತಿದ್ದರೆ ಮಾತ್ರ ಈ ಯಾವುದಕ್ಕೂ ಮುಂಚೆ ಒಸಡಿನ ಚಿಕಿತ್ಸೆ ಆಗಬೇಕು.

ಪಕ್ಕದ ಬಾಚಿ ಮೊಳೆಯಂತೆ ಸಣ್ಣದಾಗಿ ಹುಟ್ಟಿರುವುದು ಸಂದಿನ ಇನ್ನೊಂದು ಕಾರಣ. ಇದಕ್ಕೆ ಲೆಕ್ಕ ತಿರುಗಿ ನಿಲ್ಲುತ್ತದೆ: ಹಲ್ಲು ಇರಬೇಕಾದ ಅಗಲಕ್ಕಿಂತ ಕಡಿಮೆ ಇರುವುದರಿಂದ ಸೇರಿಸುವುದೇ ನ್ಯಾಯ, ಏನನ್ನೂ ತೇಯದೆ ಕಂಪೋಸಿಟ್ ಅಥವಾ ತೆಳು ವೆನೀರ್ ಹಾಕಬಹುದು. ಕೆಲವರಲ್ಲಿ ಆ ಹಲ್ಲು ಹುಟ್ಟುವುದೇ ಇಲ್ಲ. ಆಗ ಕೋರೆಹಲ್ಲನ್ನೇ ಕ್ಲಿಪ್‌ನಿಂದ ಮುಂದೆ ತಂದು ಬಾಚಿಯಂತೆ ತಿದ್ದುವುದೋ, ಜಾಗ ಬಿಡಿಸಿ ಕೃತಕ ಹಲ್ಲು ಕೂರಿಸುವುದೋ ಎಂಬ ಪ್ರಶ್ನೆ ಏಳುತ್ತದೆ. ಕೋರೆಹಲ್ಲು ಒಂದು ಮಿಲಿಮೀಟರ್ ಅಗಲ, ನಡುವೆ ಏಣು ಉಬ್ಬಿದ, ಹಳದಿ ಹೆಚ್ಚಿನ, ಒಸಡಿನ ಗೆರೆ ಎತ್ತರವಿರುವ ಹಲ್ಲು. ನಿಮ್ಮ ಕೋರೆ ಕಿರಿದಾಗಿ, ಚಪ್ಪಟೆಯಾಗಿ, ಬಣ್ಣದಲ್ಲಿ ಹತ್ತಿರವಿದ್ದರೆ ಮೊದಲ ದಾರಿ ಚೆನ್ನ, ಇಲ್ಲವಾದರೆ ಎರಡನೆಯದು. ಮೂಳೆಯಲ್ಲಿ ತಿರುಪು ಹುಗಿದು ಅದರ ಮೇಲೆ ಕೃತಕ ಹಲ್ಲು ಕೂರಿಸುವ ಇಂಪ್ಲಾಂಟ್‌ಗೆ ದವಡೆಯ ಬೆಳವಣಿಗೆ ನಿಲ್ಲುವವರೆಗೆ, ಅಂದರೆ ಇಪ್ಪತ್ತರ ಆಸುಪಾಸಿನವರೆಗಾದರೂ ಕಾಯಬೇಕು, ಏಕೆಂದರೆ ಸಹಜ ಹಲ್ಲುಗಳು ದವಡೆಯೊಂದಿಗೆ ಇಳಿಯುತ್ತವೆ, ಮೂಳೆಗೆ ಬೆಸೆದ ಇಂಪ್ಲಾಂಟ್ ಇದ್ದಲ್ಲೇ ಉಳಿದು ಕ್ರಮೇಣ ಗಿಡ್ಡವಾಗಿ ಕಾಣುತ್ತದೆ. ಅಲ್ಲಿಯವರೆಗೆ ಪಕ್ಕದ ಹಲ್ಲಿನ ಹಿಂಬದಿಗೆ ಒಂದೇ ರೆಕ್ಕೆಯಿಂದ ಅಂಟಿಸುವ ಸೇತುವೆಹಲ್ಲು ಇರಬಹುದು. ನೆರೆಯ ಹಲ್ಲನ್ನು ತೇಯದೆ ಬಹಳ ವರ್ಷ ಬಾಳುವ ಈ ಉಪಾಯದ ಹೆಸರು ಇನ್ನಷ್ಟು ಜನರ ಕಿವಿಗೆ ಬೀಳಬೇಕಾಗಿತ್ತು.

ಬಣ್ಣದ ಪ್ರಶ್ನೆ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ ಕಡೆ ಕೊಳವೆಬಾವಿಯ ನೀರು ಕುಡಿದು ಬೆಳೆದ ಅನೇಕರ ಬಾಚಿಹಲ್ಲುಗಳಲ್ಲಿ ಸುಣ್ಣದಂಥ ಬಿಳಿ ಗೆರೆಗಳೋ ಕಂದು ಮಚ್ಚೆಗಳೋ ಇರುತ್ತವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಾಗ 1.5ರವರೆಗೆ ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರು ಎನಾಮೆಲ್ ಕಟ್ಟುತ್ತಿರುವ ವಯಸ್ಸಿನಲ್ಲಿ ಒಳಹೋದರೆ ಪದರ ಸರಿಯಾಗಿ ಗಟ್ಟಿಯಾಗುವುದಿಲ್ಲ. ನಡುಬಾಚಿಗಳಿಗೆ ಮೊದಲ ಮೂರು ವರ್ಷಗಳೇ ನಿರ್ಣಾಯಕ. ಅಂದರೆ ಇಪ್ಪತ್ತನೇ ವಯಸ್ಸಿನಲ್ಲಿ ಎಷ್ಟು ಉಜ್ಜಿದರೂ ಹೋಗದ ಆ ಮಚ್ಚೆ ಹಲ್ಲುಜ್ಜದ ಸೋಮಾರಿತನದ ಗುರುತಲ್ಲ, ಮೂರು ವರ್ಷದೊಳಗೆ ಕುಡಿದ ನೀರಿನ ಗುರುತು. ಇದನ್ನು ಆ ಊರುಗಳ ಹುಡುಗ ಹುಡುಗಿಯರಿಗೆ ಯಾರಾದರೂ ಸ್ಪಷ್ಟವಾಗಿ ಹೇಳಬೇಕು.

ಇಲ್ಲಿಯೂ ಕಡಿಮೆ ಕಳೆಯುವ ದಾರಿಯಿಂದ ಆರಂಭಿಸಬೇಕು. ಬಿಳುಪುಗೊಳಿಸುವ ಜೆಲ್ ಎನಾಮೆಲ್ಲನ್ನು ತೇಯದೆ, ಪೆರಾಕ್ಸೈಡ್‌ನಿಂದ ಒಳಗಿನ ಬಣ್ಣವನ್ನು ಒಡೆಯುತ್ತದೆ. ಹಿನ್ನೆಲೆ ಬೆಳ್ಳಗಾದಾಗ ಬಿಳಿ ಗೆರೆಗಳು ಕಡಿಮೆ ಎದ್ದು ಕಾಣುತ್ತವೆ. ಮೇಲ್ಮೈಯ ಕಂದು ಮಚ್ಚೆಗೆ ಆಮ್ಲ ಮತ್ತು ನುಣ್ಣನೆಯ ಪುಡಿಯಿಂದ 0.1 ಮಿಲಿಮೀಟರ್‌ನಷ್ಟು ಪದರ ತಿಕ್ಕುವ ಮೈಕ್ರೊಅಬ್ರೇಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಳಿ ಮಚ್ಚೆಯೊಳಗೆ ತೆಳುರಾಳ ಇಳಿಸುವ ವಿಧಾನ ಮತ್ತೊಂದು. ಇವು ಮೂರೂ ಸೋತು, ಎನಾಮೆಲ್ ಗುಳಿಬಿದ್ದಿದ್ದರೆ ಆಗ ಕಂಪೋಸಿಟ್ ಅಥವಾ ವೆನೀರ್. ಒಂದು ಎಚ್ಚರಿಕೆ: ಬಿಳುಪಿಸಿದ ಮೇಲೆ ಅಂಟಿಸುವ ಕೆಲಸಕ್ಕೆ ಸುಮಾರು ಎರಡು ವಾರ ಕಾಯಬೇಕು, ಹಲ್ಲಿನಲ್ಲಿ ಉಳಿದ ಆಮ್ಲಜನಕ ರಾಳ ಗಟ್ಟಿಯಾಗುವುದನ್ನು ತಡೆಯುತ್ತದೆ. ಕಂಪೋಸಿಟ್, ಪಿಂಗಾಣಿ ಯಾವುದೂ ಬಿಳುಪಾಗುವುದಿಲ್ಲ, ಆದ್ದರಿಂದ ಬಿಳುಪಿಸುವುದು ಯಾವಾಗಲೂ ಮೊದಲು. ಇದ್ದಿಲಪುಡಿ, ಉಪ್ಪು, ಕಡ್ಡಿಪುಡಿಗಳಿಂದ ಒತ್ತಿ ಉಜ್ಜಿದರೆ ಎನಾಮೆಲ್ ಸವೆದು ಡೆಂಟಿನ್‌ನ ಹಳದಿ ಇನ್ನೂ ಮುಂದೆ ಬರುತ್ತದೆ. ಹೊಗೆಸೊಪ್ಪಿರುವ ಕಡ್ಡಿಪುಡಿಯಂತೂ ಬಾಯಿಯ ಕ್ಯಾನ್ಸರ್‌ಗೆ ದಾರಿ.

ಕೆಳಗಿನ ಬಾಚಿಹಲ್ಲುಗಳ ಬಗ್ಗೆ ಸಂಕ್ಷೇಪವಾಗಿ ಹೇಳಬಹುದು. ಅವು ಐದು, ಐದೂವರೆ ಮಿಲಿಮೀಟರ್ ಅಗಲದ ಪುಟ್ಟ ಉಳಿಗಳಂತಿದ್ದು, ಎನಾಮೆಲ್ ಇನ್ನೂ ತೆಳು, ಮೇಲಿನ ಹಲ್ಲು ಅವುಗಳ ಅಂಚನ್ನು ಪ್ರತಿ ಸಲವೂ ಉಜ್ಜುತ್ತದೆ. ತೇಯಲು ಅಲ್ಲಿ ಜಾಗವೇ ಇಲ್ಲ. ಸೊಟ್ಟಗಿದ್ದರೆ ಕ್ಲಿಪ್, ಸವೆದಿದ್ದರೆ ಕಂಪೋಸಿಟ್. ಕ್ಯಾಪ್ ಕಟ್ಟಕಡೆಯ ದಾರಿ.

ಒಪ್ಪುವ ಮುನ್ನ

ಯಾವ ದಾರಿ ಆರಿಸಿದರೂ ಹಲ್ಲನ್ನು ಮುಟ್ಟುವ ಮುಂಚೆ ಅಚ್ಚಿನ ಮೇಲೆ ಮೇಣದಲ್ಲಿ ಹೊಸ ಆಕಾರವನ್ನು ಮಾಡಿ ತೋರಿಸಲು ಕೇಳಿ. ಅದರಿಂದ ತೆಗೆದ ತಾತ್ಕಾಲಿಕ ರಾಳದ ಹೊದಿಕೆಯನ್ನು ತೇಯದೆಯೇ ನಿಮ್ಮ ಹಲ್ಲಿನ ಮೇಲೆ ಕೂರಿಸಿ ನೋಡಬಹುದು. ಬಣ್ಣವನ್ನು ಹಗಲಿನ ಬೆಳಕಿನಲ್ಲಿ, ಕೆಲಸ ಆರಂಭವಾಗುವ ಮುನ್ನವೇ ಆರಿಸಬೇಕು, ಏಕೆಂದರೆ ಬಾಯಿ ತೆರೆದು ಕುಳಿತು ಕೆಲವೇ ನಿಮಿಷಗಳಲ್ಲಿ ಹಲ್ಲು ಒಣಗಿ ಇದ್ದುದಕ್ಕಿಂತ ಬಿಳಿಯಾಗಿ ಕಾಣತೊಡಗುತ್ತದೆ.

ಆ ತಾತ್ಕಾಲಿಕ ಹೊದಿಕೆ ಬಾಯಲ್ಲಿರುವಾಗ ಕನ್ನಡಿ ನೋಡುವುದರ ಜೊತೆಗೆ ಜೋರಾಗಿ ಮಾತನಾಡಿ. ತ, ಥ, ದ, ಧ, ನ ಅಕ್ಷರಗಳನ್ನು ನಮ್ಮ ವ್ಯಾಕರಣ ದಂತ್ಯವೆಂದು ಕರೆದಿರುವುದು ನಾಲಿಗೆಯ ತುದಿ ಮೇಲಿನ ಬಾಚಿಹಲ್ಲುಗಳ ಹಿಂಬದಿಗೆ ತಾಗಿ ಅವು ಹುಟ್ಟುವುದರಿಂದ. ಆ ಹಿಂಬದಿ ದಪ್ಪವಾದರೆ ತೊದಲು ಮೊದಲು ಕೇಳಿಸುವುದು ಅಲ್ಲಿಯೇ. ಸ ಕಾರಕ್ಕೆ ಮೇಲಿನ ಮತ್ತು ಕೆಳಗಿನ ಬಾಚಿಗಳ ಅಂಚುಗಳ ನಡುವೆ ಒಂದು ಕಿರಿದಾದ ಸಂದು ಬೇಕು, ಹಲ್ಲು ಉದ್ದವಾದರೆ ಅಲ್ಲಿ ಸಿಳ್ಳೆ ಸೇರುತ್ತದೆ. ಫೋನ್ ಎಂಬಲ್ಲಿನ ಫ ಮತ್ತು ವ ಹೇಳುವಾಗ ಮೇಲಿನ ಹಲ್ಲಿನ ಅಂಚು ಕೆಳತುಟಿಯ ಒದ್ದೆ ಮತ್ತು ಒಣ ಭಾಗ ಸೇರುವ ಗೆರೆಯನ್ನು ಹಗುರವಾಗಿ ಮುಟ್ಟಬೇಕು. ಹತ್ತೊಂಬತ್ತು, ಸಾಸಿವೆ, ವಿದ್ಯಾವಂತ, ಫೋಟೊ ಎಂದು ನಾಲ್ಕೈದು ಸಲ ಹೇಳಿ ನೋಡಿ. ಎಲ್ಲಿ ತಡೆಯುತ್ತದೆಯೋ ಅಲ್ಲಿ ಆ ಹೊದಿಕೆಯನ್ನು ತಿದ್ದಲು ಇನ್ನೂ ಸಮಯವಿದೆ.